ಕೇಕ್ ಬರುವ ಸಾಫ್ಟ್‌ವೇರ್

ಸಾಫ್ಟ್‌ವೇರ್ ಆರಿಸಿದ್ದು ನಾನೇ. ಕಮಿಟಿಯವರು ಆಮೇಲೆ ಮೀಟಿಂಗ್ ಪುಸ್ತಕದಲ್ಲಿ ಎಲ್ಲರೂ ಸೇರಿ ತೆಗೆದುಕೊಂಡ ತೀರ್ಮಾನ ಎಂದು ಬರೆದುಕೊಂಡರು. ಅದು ಅವರ ದೊಡ್ಡ ಮನಸ್ಸು. ಆ ದಿನ ಟೇಬಲ್ಲಿನ ಸುತ್ತ ಕೂತಿದ್ದ ಏಳು ಜನರಲ್ಲಿ ಆರು ಜನ ನನ್ನ ಮುಖ ನೋಡುತ್ತಿದ್ದರು. ನಾನು ಸ್ಕ್ರೀನಿನ ಮೇಲೆ ಹಾರುತ್ತಿದ್ದ ಬಲೂನು ನೋಡುತ್ತಿದ್ದೆ.

ನಮ್ಮ ಟ್ರಸ್ಟಿನ ಆಫೀಸು ಡೊಂಬಿವಲಿ ಪೂರ್ವದಲ್ಲಿ, ಒಂದು ಮದುವೆ ಹಾಲಿನ ಹಿಂದಿನ ಎರಡು ಕೋಣೆಗಳಲ್ಲಿದೆ. ಮದುವೆ ಇದ್ದ ದಿನ ಮೀಟಿಂಗಿಗೆ ಪುಕ್ಕಟೆ ಬ್ಯಾಂಡ್ ಸಂಗೀತ. ಟ್ರಸ್ಟ್ ಮಾಡುವ ಕೆಲಸ ಒಂದೇ ಒಂದು. ರಬಾಳೆಯ ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ಒಂದು ಸಂಜೆ ಶಾಲೆ. ಕಲಬುರಗಿ, ರಾಯಚೂರು ಕಡೆಯಿಂದ ಲೋಡಿಂಗಿಗೆ, ಕಟ್ಟಡದ ಕೆಲಸಕ್ಕೆ ಬಂದವರ ಮೂವತ್ತೊಂದು ಮಕ್ಕಳು ಅಲ್ಲಿ ಭಾನುವಾರವೂ ಬಿಡದೆ ಸಂಜೆ ಐದರಿಂದ ಎಂಟರವರೆಗೆ ಕೂತು ಕನ್ನಡ ಅಕ್ಷರ, ಲೆಕ್ಕ ಕಲಿಯುತ್ತವೆ. ಆ ಶಾಲೆ ಇಲ್ಲದಿದ್ದರೆ ಅಪ್ಪ ಅಮ್ಮ ಬರುವವರೆಗೆ ಅವು ಟೆಂಪೋಗಳ ನಡುವೆ ರಸ್ತೆಯಲ್ಲಿರುತ್ತವೆ. ಇಲ್ಲವೇ ಹೊರಗಿನಿಂದ ಬೀಗ ಹಾಕಿದ ಖೋಲಿಯಲ್ಲಿ. ಶಾಲೆ ನಡೆಯುವ ಕೋಣೆಯ ಮಾಲೀಕನಿಗೆ ಪ್ರತಿ ವರ್ಷ ಜೂನ್ ಕೊನೆಗೆ ಇಡೀ ವರ್ಷದ ಬಾಡಿಗೆ ಒಟ್ಟಿಗೆ ಬೇಕು. ಅದನ್ನು ಎಂಟು ವರ್ಷಗಳಿಂದ ಕೊಡುತ್ತಿದ್ದವರು ನೌಪಾಡಾದ ಹೋಟೆಲ್ ಮಾಲೀಕ ರಮಾಕಾಂತಣ್ಣ. ಉಳಿದ ದಾನಿಗಳೆಲ್ಲ ಚಾಕ್‌ಪೀಸು, ಚಾಪೆ, ಟೀಚರ್ ಸಂಬಳ. ಕೋಣೆ ಮಾತ್ರ ರಮಾಕಾಂತಣ್ಣನದು.

ಈ ಎಲ್ಲ ದಾನಿಗಳ ಹತ್ತಿರ ಹೋಗುತ್ತಿದ್ದವರು ಪ್ರೇಮನಾಥ ಮಾಮ. ವಯಸ್ಸು ಎಪ್ಪತ್ನಾಲ್ಕು. ಅಂಬರನಾಥದ ಒಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಕ್ಯಾಶಿಯರ್ ಆಗಿ ನಿವೃತ್ತರಾದವರು. ಬಿಳಿ ಅರ್ಧ ತೋಳಿನ ಶರ್ಟು, ಕಂಕುಳಲ್ಲಿ ರೆಕ್ಸಿನ್ ಚೀಲ, ಚೀಲದಲ್ಲಿ ಒಂದು ಉದ್ದನೆಯ ನೋಟ್‌ಬುಕ್. ಕಲ್ಯಾಣದಿಂದ ಠಾಣೆಯವರೆಗೆ ಕರಾವಳಿಯಿಂದ ಬಂದ ನಮ್ಮೂರಿನವರ ಹೋಟೆಲ್ ಎಲ್ಲಿದೆಯೋ ಅಲ್ಲೆಲ್ಲ ಅವರಿಗೆ ಒಂದು ಚಾ ಕಾಯುತ್ತಿರುತ್ತಿತ್ತು. ದಾನ ಕೇಳುವುದೇ ಇಲ್ಲ, ಹೋಗಿ ಕೂರುತ್ತಾರೆ ಅಷ್ಟೇ ಎಂದು ಅಪ್ಪ ಹೇಳುತ್ತಿದ್ದರು.

ಈ ಏಪ್ರಿಲಿನಲ್ಲಿ ಅವರು ಕಲ್ಯಾಣ ಸ್ಟೇಷನ್ ಹತ್ತಿರದ ಒಂದೇ ಹೋಟೆಲಿಗೆ ಒಂದೇ ವಾರದಲ್ಲಿ ಮೂರು ಸಲ ಹೋದರು. ಮೂರೂ ಸಲ ವರ್ಷಕ್ಕೊಮ್ಮೆ ಬಂದವರ ಹಾಗೆ ಕುಶಲ ಕೇಳಿದರು. ಹೋಟೆಲಿನವರು ನಮ್ಮ ಅಧ್ಯಕ್ಷ ವಸಂತಕುಮಾರ್ ಅಂಕಲ್‌ಗೆ ಫೋನ್ ಮಾಡಿದರು. ವಸಂತಕುಮಾರ್ ಅಂಕಲ್ ಬ್ಯಾಂಕಿನಲ್ಲಿ ಇದ್ದವರು, ಬೇಗ ಗಾಬರಿಯಾಗುತ್ತಾರೆ. ಇನ್ನೂರ ಹದಿನಾಲ್ಕು ದಾನಿಗಳು ಒಬ್ಬ ಮನುಷ್ಯನ ತಲೆಯಲ್ಲಿದ್ದಾರೆ, ಆ ತಲೆಗೆ ಬ್ಯಾಕಪ್ ಇಲ್ಲ ಎಂದು ಕಮಿಟಿಯ ಮುಂದೆ ಹೇಳಿದರು. ಸಾಫ್ಟ್‌ವೇರ್ ತರಬೇಕು ಎಂದಾಯಿತು. ಯಾರು ನೋಡಿಕೊಳ್ಳುವುದು ಎಂದಾಗ ಎಲ್ಲರಿಗೂ ನನ್ನ ನೆನಪಾಯಿತು. ಏಕೆಂದರೆ ವಾರ್ಷಿಕೋತ್ಸವದ ರೀಲ್ ಮಾಡಿ ಹಾಕಿದ್ದು ನಾನು. ರೀಲ್ ಮಾಡುವ ಹುಡುಗಿಗೆ ಸಾಫ್ಟ್‌ವೇರ್ ಬರುತ್ತದೆ ಎಂದು ಅವರಿಗೆ ಅನಿಸಿತು. ನನಗೂ ಅನಿಸಿತು. ಠಾಣೆಯ ಕಾಲೇಜಿನಲ್ಲಿ ಎರಡನೇ ವರ್ಷ, ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಒಂದು ಬೇಕಿತ್ತು. ಮನೆಗೆ ಬಂದು ಅಮ್ಮನ ಮುಂದೆ ಕುಣಿದೆ.

ಮೂರು ಕಂಪನಿಗಳನ್ನು ಕರೆದೆ. ಮೂರು ಡೆಮೋಗೂ ಪ್ರೇಮನಾಥ ಮಾಮ ನನ್ನ ಪಕ್ಕದಲ್ಲಿ ಕೂರಬೇಕು ಎಂದು ವಸಂತಕುಮಾರ್ ಅಂಕಲ್ ಹೇಳಿದ್ದರು. ಅವರು ಇಸ್ತ್ರಿ ಶರ್ಟು ಹಾಕಿಕೊಂಡು ಬಂದು ಕೂತರು.

ಮೊದಲನೆಯದು ಹೊರದೇಶದ್ದು. ಅದರ ಹುಡುಗಿ ವಿಡಿಯೋ ಕಾಲ್‌ನಲ್ಲಿ ದಾನಿಯ ಪ್ರಯಾಣ, ದಾನಿಯ ಪ್ರಯಾಣ ಎಂದು ಮುಕ್ಕಾಲು ಗಂಟೆ ಮಾತಾಡಿದಳು. ನಮ್ಮ ದಾನಿಗಳು ಪ್ರಯಾಣ ಮಾಡುವುದಿಲ್ಲ, ಗಲ್ಲಾದ ಹಿಂದೆ ಕೂತಿರುತ್ತಾರೆ ಎಂದು ನಾನು ಮ್ಯೂಟ್ ಮಾಡಿ ಹೇಳಿದೆ. ಮಾಮ ನಕ್ಕರು. ಆಮೇಲೆ ಅವರದೊಂದು ಪ್ರಶ್ನೆ ಇತ್ತು.

"ಯಾರ ಮನೆಗೆ ಯಾವಾಗ ಹೋಗ್ಬಾರ್ದು ಅಂತ ಇದ್ರಲ್ಲಿ ಬರ್ಲಿಕ್ಕೆ ಉಂಟಾ? ಕೇಳು ನೋಡುವ."

ನಾನು ಹಿಂದಿಯಲ್ಲಿ ಕೇಳಿದೆ. ಸರ್, ನಮ್ಮದು ಹೆಚ್ಚು ಹೆಚ್ಚು ಜನರನ್ನು ತಲುಪುವ ಪ್ರಾಡಕ್ಟ್ ಎಂದು ಆ ಹುಡುಗಿ ಸಿಹಿಯಾಗಿ ಹೇಳಿದಳು. ಬೆಲೆ ಡಾಲರಿನಲ್ಲಿತ್ತು. ಅಲ್ಲಿಗೆ ಅದು ಮುಗಿಯಿತು.

ಎರಡನೆಯದು ವಾಗ್ಳೆ ಎಸ್ಟೇಟಿನ ಒಂದು ಸಣ್ಣ ಕಂಪನಿ. ಮಧ್ಯವಯಸ್ಸಿನ ಮರಾಠಿ ಮನುಷ್ಯ, ತಾನೇ ಲ್ಯಾಪ್‌ಟಾಪ್ ಹೊತ್ತು ಬಂದಿದ್ದ. ಅವನ ಸ್ಕ್ರೀನು ಬೂದು ಬಣ್ಣದ್ದು, ಹಳೇ ಕಾಲದ ರೇಲ್ವೆ ರಿಸರ್ವೇಶನ್ ಕೌಂಟರಿನಂತೆ ಚೌಕ ಚೌಕ. ನನಗೆ ನೋಡುವಾಗಲೇ ಆಕಳಿಕೆ ಬಂತು. ಆ ಮನುಷ್ಯ ಒಂದು ಚೌಕದ ಮೇಲೆ ಬೆರಳಿಟ್ಟು ನನ್ನನ್ನು ಕೇಳಿದ: ನಿಮ್ಮ ದಾನಿಗಳು ತೀರಿಕೊಂಡವರ ಹೆಸರಿನಲ್ಲಿ ಕೊಡುತ್ತಾರಾ, ಹಾಗಿದ್ದರೆ ಕೊಟ್ಟವರ ಹೆಸರು ಬೇರೆ, ಯಾರ ಸ್ಮರಣೆಗೆ ಎಂಬುದು ಬೇರೆ, ಎರಡನ್ನೂ ಇಲ್ಲಿ ಬರೆಯಬೇಕು.

ಇಲ್ಲ ಎಂದೆ. ನಮ್ಮವರೆಲ್ಲ ತಮ್ಮ ಹೆಸರಿನಲ್ಲೇ ಕೊಡುತ್ತಾರೆ, ವಾರ್ಷಿಕೋತ್ಸವದಲ್ಲಿ ಸ್ಟೇಜಿನ ಹಿಂದೆ ದೊಡ್ಡ ಬ್ಯಾನರಿನಲ್ಲಿ ಅವರ ಹೆಸರು ಬರುತ್ತದೆ ಎಂದೆ. ಎಷ್ಟು ಖಚಿತವಾಗಿ ಹೇಳಿದೆ ಎಂದರೆ ಆ ಮನುಷ್ಯ ತಕ್ಷಣ ಮುಂದಿನ ಚೌಕಕ್ಕೆ ಹೋದ. ಪ್ರೇಮನಾಥ ಮಾಮ ಪಕ್ಕದಲ್ಲೇ ಇದ್ದರು. ಅವರು ತಿರುಗುತ್ತಿದ್ದ ಫ್ಯಾನ್ ನೋಡುತ್ತಿದ್ದರು. ಅವರಿಗೆ ಬೋರಾಗಿದೆ ಎಂದುಕೊಂಡೆ. ನನಗೂ ಆಗಿತ್ತು.

ಮೂರನೆಯದೇ ಕೇಕಿನದು. ಅದರ ಹುಡುಗ ನನ್ನ ಜನ್ಮದಿನ ಕೇಳಿ ಒಂದು ಬಟನ್ ಒತ್ತಿದ. ನನ್ನ ಫೋನಿಗೆ ಟಿಂಗ್ ಎಂದು ವಾಟ್ಸಾಪ್ ಬಂತು. ತೆರೆದರೆ ಮೂರು ಅಂತಸ್ತಿನ ಗುಲಾಬಿ ಕೇಕು, ಅದರ ಮೇಲೆ ಕ್ರೀಮಿನಲ್ಲಿ ಬರೆದ ಹಾಗೆ ನಿಕಿತಾ ಎಂದು ನನ್ನ ಹೆಸರು, ಅದೂ ಕನ್ನಡದಲ್ಲಿ. ಸುತ್ತ ಬಲೂನು. ವಸಂತಕುಮಾರ್ ಅಂಕಲ್ ಚಪ್ಪಾಳೆ ತಟ್ಟಿದರು. ವರ್ಷಕ್ಕೊಮ್ಮೆ ಪ್ರತಿಯೊಬ್ಬ ದಾನಿಗೂ ಬೆಳಿಗ್ಗೆ ಒಂಬತ್ತಕ್ಕೆ ತಾನಾಗಿಯೇ ಹೋಗುತ್ತದೆ, ಕೆಳಗೆ ದಾನ ಕೊಡುವ ಲಿಂಕ್ ಇರುತ್ತದೆ, ಯಾರೂ ಓಡಾಡಬೇಕಾಗಿಲ್ಲ ಎಂದು ಹುಡುಗ ಹೇಳಿದ. ಯಾರೂ ಓಡಾಡಬೇಕಾಗಿಲ್ಲ ಎಂದಾಗ ಎಲ್ಲರೂ ಪ್ರೇಮನಾಥ ಮಾಮನನ್ನು ನೋಡಿದರು. ಪ್ರೀತಿಯಿಂದಲೇ ನೋಡಿದರು.

ಡೇಟಾ ತುಂಬಿಸುವುದೂ ನನ್ನದೇ. ಮಾಮನ ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆದುಕೊಂಡು ಡೊಂಬಿವಲಿಯಿಂದ ಠಾಣೆಗೆ ಹೋಗುವ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡು ಫೋನಿನಲ್ಲೇ ಟೈಪ್ ಮಾಡಿದೆ. ಒಂದು ಕೈ ಹಿಡಿಕೆಗೆ, ಒಂದು ಹೆಬ್ಬೆರಳು ದಾನಿಗಳಿಗೆ. ನೋಟ್‌ಬುಕ್ ತುಂಬ ಚೊಕ್ಕ ಇತ್ತು. ಒಂದು ಸಾಲಿಗೆ ಒಂದು ಹೆಸರು, ಒಂದು ಏರಿಯಾ, ಒಂದು ತಾರೀಖು, ಒಂದು ಫೋನ್ ನಂಬರು. ಜಲಜಾಕ್ಷಿ, ನೌಪಾಡಾ, ಜೂನ್ ಹದಿನೆಂಟು. ವಿಠಲ, ಕಲ್ಯಾಣ, ಜೂನ್ ಐದು. ಸಾಫ್ಟ್‌ವೇರಿನಲ್ಲಿ ಜನ್ಮದಿನದ ಖಾನೆಗೆ ಕೆಂಪು ಚುಕ್ಕೆ ಇತ್ತು. ಅದು ತುಂಬದಿದ್ದರೆ ಮುಂದೆ ಹೋಗಲು ಬಿಡುವುದಿಲ್ಲ. ನೋಟ್‌ಬುಕ್ಕಿನಲ್ಲಿ ಇದ್ದದ್ದೂ ಒಂದೇ ತಾರೀಖು. ಎಷ್ಟು ಸರಿಯಾಗಿ ಕೂರುತ್ತದೆ ಎಂದು ಖುಷಿಯಾಯಿತು.

ನಾನು ಪೂರ್ತಿ ಬೇಜವಾಬ್ದಾರಿ ಅಲ್ಲ. ಎಲ್ಲ ಮುಗಿದ ಮೇಲೆ ಪಟ್ಟಿಯ ಪ್ರಿಂಟ್ ತೆಗೆಸಿ ಮಾಮನ ಮನೆಗೆ ಕೊಟ್ಟುಬಂದೆ, ತಪ್ಪಿದ್ದರೆ ಗುರುತು ಹಾಕಿ ಎಂದೆ. ಮರುದಿನ ವಾಪಸು ಬಂತು. ಇನ್ನೂರ ಹದಿನಾಲ್ಕು ಹೆಸರಿನ ಮುಂದೂ ಕೆಂಪು ಶಾಯಿಯ ಟಿಕ್. ಒಂದೂ ತಪ್ಪಿಲ್ಲ.

ಜೂನ್ ಒಂದಕ್ಕೆ ಶುರುವಾಯಿತು. ಮೊದಲ ಹದಿನೈದು ದಿನ ನಾನು ಗಂಟೆಗೊಮ್ಮೆ ಡ್ಯಾಶ್‌ಬೋರ್ಡ್ ತೆರೆದು ನೋಡುತ್ತಿದ್ದೆ. ಎಂಟು ಜನರಿಗೆ ಶುಭಾಶಯ ಹೋಯಿತು, ಐದು ಜನ ಕೈಮುಗಿದ ಚಿತ್ರ ಕಳಿಸಿದರು. ನಮ್ಮ ಜನ ಎಲ್ಲದಕ್ಕೂ ಅದನ್ನೇ ಕಳಿಸುತ್ತಾರೆ. ಪ್ರತಿಕ್ರಿಯೆ ಶೇಕಡಾ ಅರವತ್ತೆರಡು ಎಂದು ಹಸಿರು ವೃತ್ತ ಬಂತು. ಅದರ ಸ್ಕ್ರೀನ್‌ಶಾಟ್ ತೆಗೆದು ಕಮಿಟಿಯ ಗ್ರೂಪಿಗೆ ಹಾಕಿದೆ. ಯಾರೊಬ್ಬರೂ ದಾನ ಮಾಡಿರಲಿಲ್ಲ ಎಂಬುದು ಕಾಣುತ್ತಿತ್ತು. ಇನ್ನೂ ಅಭ್ಯಾಸವಾಗಿಲ್ಲ, ಆಗುತ್ತದೆ ಎಂದುಕೊಂಡೆ.

ಹದಿನೆಂಟನೇ ತಾರೀಖು ಹನ್ನೊಂದು ಗಂಟೆಗೆ ಕಾಲೇಜಿನ ಕಾರಿಡಾರಿನಲ್ಲಿದ್ದಾಗ ವಸಂತಕುಮಾರ್ ಅಂಕಲ್ ಫೋನ್ ಮಾಡಿದರು. ಅವರ ಗಾಬರಿಯ ಧ್ವನಿ ನನಗೆ ಗೊತ್ತು. ಇದು ಅದಲ್ಲ. ತುಂಬ ಮೆಲ್ಲಗೆ ಮಾತಾಡುತ್ತಿದ್ದರು.

"ನಿಕಿತಾ, ರಮಾಕಾಂತಣ್ಣನ ಹೆಂಡತಿ ಹೋಗಿ ಎಂಟು ವರ್ಷ ಆಯ್ತು. ಇವತ್ತೇ ಆ ದಿನ. ನೀನು ಅವ್ರಿಗೆ ಎಂತ ಕಳಿಸಿದ್ದಿ ಒಮ್ಮೆ ತೆಗೆದು ನೋಡು."

ತೆಗೆದು ನೋಡಿದೆ. ಗುಲಾಬಿ ಕೇಕು. ಅದರ ಮೇಲೆ ಕ್ರೀಮಿನಲ್ಲಿ ಜಲಜಾಕ್ಷಿ, ಆ ಹೆಂಡತಿಯ ಹೆಸರು; ನಂಬರು ಮಾತ್ರ ರಮಾಕಾಂತಣ್ಣನದು. ಜಲಜಾಕ್ಷಿಯವರೇ, ನೂರು ವರ್ಷ ಬಾಳಿ, ಈ ವಿಶೇಷ ದಿನದಂದು ನಮ್ಮನ್ನು ನೆನೆಯಿರಿ. ಕೆಳಗೆ ಲಿಂಕು. ಆ ವಾಕ್ಯ ಬರೆದದ್ದೂ ನಾನೇ. ಸಾಫ್ಟ್‌ವೇರಿನ ಜೊತೆ ಬಂದ ವಾಕ್ಯ ಸಪ್ಪೆ ಇದೆ ಎಂದು ತೆಗೆದುಹಾಕಿದ್ದೆ.

ಆ ದಿನ ರಮಾಕಾಂತಣ್ಣ ಪ್ರತಿ ವರ್ಷ ಮಧ್ಯಾಹ್ನದವರೆಗೆ ಹೋಟೆಲಿಗೆ ಹೋಗದೆ ಮನೆಯಲ್ಲೇ ಇರುತ್ತಿದ್ದರಂತೆ. ಬೆಳಿಗ್ಗೆ ಪ್ರೇಮನಾಥ ಮಾಮ ಹೋಗುತ್ತಿದ್ದರಂತೆ. ಇಬ್ಬರೂ ಫೋಟೋದ ಕೆಳಗೆ ಕೂತು ಚಾ ಕುಡಿಯುತ್ತಿದ್ದರಂತೆ. ಏಳುವಾಗ ರಮಾಕಾಂತಣ್ಣ ಚೆಕ್ಕು ಕೊಡುತ್ತಿದ್ದರಂತೆ. ಈ ವರ್ಷವೂ ಎಂಟೂವರೆಯಿಂದ ಬಾಗಿಲು ತೆರೆದಿಟ್ಟು ಕೂತಿದ್ದರು. ಮಾಮನಿಗೆ ನಾವು ಇನ್ನು ಓಡಾಡಬೇಡಿ ಎಂದಿದ್ದೆವು. ಒಂಬತ್ತಕ್ಕೆ ಟಿಂಗ್ ಎಂದು ಕೇಕು ಬಂತು.

ಸಂಜೆ ಪ್ರೇಮನಾಥ ಮಾಮನ ಮನೆಗೆ ಹೋದೆ. ಮಾಮ ಕೆಳಗೆ ಗಣಪತಿ ಗುಡಿಗೆ ಹೋಗಿದ್ದರು. ಅವರ ಹೆಂಡತಿ ಜಯಲತಾ ಮಾಮಿ ನೋಟ್‌ಬುಕ್ ತೆರೆದು ನನ್ನ ಮುಂದೆ ಇಟ್ಟರು. ಒಂದೊಂದು ಹೆಸರಿನ ಮೇಲೆ ಬೆರಳಿಟ್ಟು ಇವರು ಅವನ ತಾಯಿ, ಇವರು ಇವನ ಅಣ್ಣ, ಇದು ಚಿಕ್ಕ ಮಗು ಎನ್ನುತ್ತಾ ಹೋದರು. ಅವರಿಗೆ ಗೊತ್ತಿದ್ದದ್ದು ಒಂದು ಪುಟಕ್ಕೆ ನಾಲ್ಕೈದು. ಉಳಿದವರು ಸತ್ತವರೋ ಬದುಕಿದವರೋ ಅವರಿಗೂ ಗೊತ್ತಿಲ್ಲ.

"ಕೊಟ್ಟವನ ಹೆಸರು ಬರೀರಿ ಅಂತ ನಾನು ಎಷ್ಟು ಸಲ ಹೇಳಿದ್ದೇನೆ ಮಗಾ," ಎಂದರು ಮಾಮಿ. "ಅದಕ್ಕೆ ಇವ್ರು, ಕೊಟ್ಟವನು ನನಗೆ ಗೊತ್ತುಂಟಲ್ಲ, ಅವನ ಹೆಸರು ಬರೆದು ಎಂತ ಮಾಡ್ಲಿಕ್ಕೆ, ಯಾರ ಹೆಸರಿಗೆ ಕೊಟ್ಟಿದ್ದಾನೆ ಅದು ಮರೀಬಾರ್ದು ಅಂತಿದ್ರು. ಹೆಸರಿನ ಹಿಂದೆ ದಿವಂಗತ ಅಂತ ಹಾಕ್ಲಿಕ್ಕೂ ಬಿಡ್ತಿರ್ಲಿಲ್ಲ. ಅದನ್ನು ನೋಡಿದ್ರೆ ಮನೆಯವ್ರಿಗೆ ಬೇಜಾರಾಗ್ತದೆ ಅಂತ."

ಹಾಗಾದರೆ ನನ್ನ ಪಟ್ಟಿಗೆ ಟಿಕ್ ಹಾಕಿದ್ದು ಯಾಕೆ ಎಂದು ಕೇಳಿದೆ. ಮಾಮಿ ನಿಧಾನವಾಗಿ ಎಲ್ಲ ಹೇಳಿದರು. ಮಾಮನಿಗೆ ಮರೆವು ಶುರುವಾಗಿ ಒಂದೂವರೆ ವರ್ಷ ಆಗಿತ್ತು. ಎರಡು ಸಲ ದಾರಿ ಮರೆತು ದಿವಾ ಸ್ಟೇಷನ್ನಿನಲ್ಲಿ ಇಳಿದು ಬೆಂಚಿನ ಮೇಲೆ ಕೂತಿದ್ದರಂತೆ. ಡಾಕ್ಟರಿಗೆ ತೋರಿಸಿದ್ದಾರೆ, ಮಾತ್ರೆ ಇದೆ. ಮಾಮಿ ಯಾರಿಗೂ ಹೇಳಿರಲಿಲ್ಲ, ಆ ಓಡಾಟ ನಿಂತರೆ ಮನುಷ್ಯ ಉಳಿಯುವುದಿಲ್ಲ ಎಂಬ ಭಯಕ್ಕೆ. ಪಟ್ಟಿ ಬಂದ ದಿನ ಮಾಮ ಟಿವಿಯ ಮುಂದೆ ಕೂತು, ಎಲ್ಲ ನಮ್ಮವರೇ, ಎಲ್ಲ ಗೊತ್ತಿದ್ದವರೇ ಎಂದು ಸಂತೋಷದಿಂದ ಟಿಕ್ ಹಾಕಿದ್ದರು.

ಆ ರಾತ್ರಿಯೇ ಶುಭಾಶಯದ ಬಟನ್ ಆಫ್ ಮಾಡಿದೆ. ಮಾಡಿ ಏನು ಪ್ರಯೋಜನ. ಹೋಟೆಲಿನವರ ಗ್ರೂಪಿನಲ್ಲಿ ಕೇಕಿನ ಚಿತ್ರ ಆಗಲೇ ಓಡಾಡುತ್ತಿತ್ತು. ಕಲ್ಯಾಣದ ವಿಠಲ ಎಂಬುವರು ಹೋಟೆಲ್ ಮಾಲೀಕರೊಬ್ಬರ ಅಣ್ಣ, ರೈಲಿನಿಂದ ಬಿದ್ದು ಹೋದವರು. ಅವರಿಗೂ ಜೂನ್ ಐದಕ್ಕೆ ನೂರು ವರ್ಷ ಬಾಳಿ ಎಂದಿದ್ದೆ. ಕೈಮುಗಿದ ಚಿತ್ರ ಕಳಿಸಿದ ಐವರಲ್ಲಿ ಆ ತಮ್ಮನೂ ಒಬ್ಬರು. ನಾನು ಅದನ್ನು ಶೇಕಡಾವಾರು ಲೆಕ್ಕಕ್ಕೆ ಸೇರಿಸಿದ್ದೆ.

ಕಮಿಟಿಯವರು ಒಬ್ಬೊಬ್ಬರಾಗಿ ಎಲ್ಲರಿಗೂ ಫೋನ್ ಮಾಡಿ ತಪ್ಪಾಯಿತು ಎಂದರು. ಯಾರೂ ಬೈಯಲಿಲ್ಲ. ಈ ವರ್ಷ ನೋಡುವ ಎಂದರು. ನಮ್ಮ ಜನ ನೋಡುವ ಎಂದರೆ ಅದರ ಅರ್ಥ ಎಲ್ಲರಿಗೂ ಗೊತ್ತು. ರಮಾಕಾಂತಣ್ಣ ಫೋನೇ ಎತ್ತಲಿಲ್ಲ. ಜೂನ್ ಮೂವತ್ತಕ್ಕೆ ಹನ್ನೆರಡು ದಿನ ಇತ್ತು, ಆಮೇಲೆ ಹತ್ತು, ಆಮೇಲೆ ಎಂಟು.

ಒಂದೇ ದಾರಿ ಉಳಿದಿತ್ತು. ಪ್ರೇಮನಾಥ ಮಾಮನೇ ಹೋಗಬೇಕು. ಮಾಮಿ ಮೊದಲು ಬೇಡ ಎಂದರು. ಆಮೇಲೆ, ಬೆಳಗಿನ ಹೊತ್ತು ಚೆನ್ನಾಗಿರುತ್ತಾರೆ, ಬೇಗ ಕರಕೊಂಡು ಹೋಗು, ಹನ್ನೆರಡರೊಳಗೆ ವಾಪಸು ಬಾ ಎಂದರು. ಮಾಮನ ಶರ್ಟಿನ ಜೇಬಿನಲ್ಲಿ ಮನೆಯ ವಿಳಾಸದ ಚೀಟಿ ಇಟ್ಟು ಪಿನ್ ಹಾಕಿದರು.

ಭಾನುವಾರ ಬೆಳಿಗ್ಗೆ ರೈಲಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಮಾಮ ಎಷ್ಟು ಚೆನ್ನಾಗಿದ್ದರೆಂದರೆ ಮಾಮಿಯೇ ಏನೋ ಹೆಚ್ಚು ಮಾಡಿ ಹೇಳಿದ್ದಾರೆ ಅನಿಸಿತು. ಮುಂಬ್ರಾ ದಾಟುವಾಗ ಖಾಡಿಯ ಹಿನ್ನೀರು ತೋರಿಸಿ, ಮೊದಲು ಇಲ್ಲಿ ಎಷ್ಟು ನೀರು ಕಾಣುತ್ತಿತ್ತು ಎಂದು ಹೇಳಿದರು. ರಮಾಕಾಂತಣ್ಣ ಹದಿನಾರು ವರ್ಷದವನಾಗಿದ್ದಾಗ ಇವರ ಕ್ಯಾಂಟೀನಿನಲ್ಲಿ ಚಾ ಕಪ್ಪು ತೊಳೆಯುತ್ತಿದ್ದ ಕತೆ ಹೇಳಿದರು. ಒಂದು ದಿನ ಇಪ್ಪತ್ತು ಕಪ್ಪು ಒಡೆದು ಓಡಿಹೋಗಿ ಶಿವಮಂದಿರದ ಹಿಂದೆ ಅಡಗಿದ್ದನಂತೆ, ಇವರೇ ಹುಡುಕಿ ಕರೆತಂದರಂತೆ. ಕತೆಯಲ್ಲಿ ತಾರೀಖು, ವಾರ, ಕಪ್ಪಿನ ಬಣ್ಣ ಎಲ್ಲ ಇತ್ತು. ನಾನು ನಕ್ಕು ನಕ್ಕು ಸುಸ್ತಾದೆ. ಕೋಣೆ ಉಳಿಯಿತು ಎಂದೇ ಅಂದುಕೊಂಡೆ.

ರಮಾಕಾಂತಣ್ಣನ ಮನೆ ನೌಪಾಡಾದಲ್ಲಿ, ಅವರ ಹೋಟೆಲಿನ ಹಿಂದಿನ ಕಟ್ಟಡದ ಮೂರನೇ ಮಹಡಿಯಲ್ಲಿ. ಬಾಗಿಲು ತೆರೆದವರೇ ನನ್ನನ್ನು ನೋಡಿ ಮುಖ ಗಟ್ಟಿ ಮಾಡಿಕೊಂಡರು. ನನ್ನ ಹಿಂದೆ ಮಾಮನನ್ನು ನೋಡಿದ ಮೇಲೆ ಆ ಮುಖ ಹಾಗೆ ನಿಲ್ಲಲಿಲ್ಲ. ಬಾಗಿ ಕಾಲು ಮುಟ್ಟಿದರು. ಕೈ ಹಿಡಿದು ಕರೆದುಕೊಂಡು ಹೋಗಿ ಸೋಫಾದಲ್ಲಿ ಕೂರಿಸಿದರು. ಸೋಫಾದ ಮೇಲೆ ಗೋಡೆಯಲ್ಲಿ ಜಲಜಾಕ್ಷಿಯವರ ಫೋಟೋ, ಗಂಧದ ಹಾರ. ಮಾಮ ಅದಕ್ಕೆ ಬೆನ್ನು ಹಾಕಿ ಕೂತರು, ಯಾವಾಗಲೂ ಕೂರುತ್ತಿದ್ದದ್ದೇ ಅಲ್ಲಿರಬೇಕು.

ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಕ್ಷಮಾಪಣೆಯನ್ನು ಒಪ್ಪಿಸಿದೆ. ರಮಾಕಾಂತಣ್ಣ ನನ್ನ ಕಡೆ ಪೂರ್ತಿ ನೋಡದೆ, ಆಯ್ತು ಬಿಡು, ಮಕ್ಕಳಿಗೆ ಗೊತ್ತಾಗುವುದಿಲ್ಲ ಎಂದರು. ತಾವೇ ಒಳಗೆ ಹೋಗಿ ಚಾ ಮಾಡಿ ತಂದರು. ನೀನು ಹದಿನೆಂಟಕ್ಕೆ ಬರಲಿಲ್ಲವಲ್ಲ ಪ್ರೇಮಣ್ಣ ಎಂದು ಮಾತ್ರ ಕೇಳಿದರು, ದೂರುವ ಹಾಗಲ್ಲ, ಸಣ್ಣ ಹುಡುಗ ಕೇಳುವ ಹಾಗೆ. ಮಾಮ ಕಪ್ಪಿನ ಕತೆ ಶುರು ಮಾಡಿದರು. ಇಬ್ಬರೂ ನಕ್ಕರು. ರಮಾಕಾಂತಣ್ಣ ಕಣ್ಣು ಒರೆಸಿಕೊಂಡು ಎದ್ದು ಕಪಾಟಿನ ಹತ್ತಿರ ಹೋದರು. ಕಪಾಟಿನ ಬಾಗಿಲು ತೆರೆದ ಶಬ್ದ ಕೇಳಿಸಿತು.

ಮಾಮ ಒಂದು ಗುಟುಕು ಚಾ ಕುಡಿದು ಕಪ್ಪು ಕೆಳಗಿಟ್ಟರು.

"ಇದು ನಿನ್ನ ಕೈಯ ಚಾ ಮಾರಾಯ, ಸಕ್ಕರೆಯೇ ಇಲ್ಲ. ಜಲಜ ಎಲ್ಲಿ? ಆಗಿನಿಂದ ಕಾಣ್ಲೇ ಇಲ್ಲ. ಕರಿ ಅವಳನ್ನ."

ಕಪಾಟಿನ ಬಾಗಿಲು ಮುಚ್ಚಿದ ಶಬ್ದ ಕೇಳಿಸಿತು. ನಾನು ನೆಲದ ಟೈಲ್ಸ್ ನೋಡಿದೆ. ರಮಾಕಾಂತಣ್ಣ ಬಂದು ಮಾಮನ ಎದುರು ಕುರ್ಚಿ ಎಳೆದುಕೊಂಡು ಕೂತರು.

"ಊರಿಗೆ ಹೋಗಿದ್ದಾಳೆ ಪ್ರೇಮಣ್ಣ."

"ಹೌದಾ. ಯಾವಾಗ ಬರ್ತಾಳಂತೆ?"

"ಹೇಳ್ಲಿಲ್ಲ."

"ಮಳೆ ಶುರುವಾಯ್ತಲ್ಲ, ಬೇಗ ಬರ್ಲಿಕ್ಕೆ ಹೇಳು. ಬಂದ ಮೇಲೆ ಒಂದು ಫೋನ್ ಮಾಡು, ನಾನು ಬಂದು ಹೋಗ್ತೇನೆ."

ಮಾಡ್ತೇನೆ ಎಂದರು ರಮಾಕಾಂತಣ್ಣ. ಆಮೇಲೆ ಅರ್ಧ ಗಂಟೆ ಕೂತೆವು. ಮಾಮ ಮತ್ತೆ ಅದೇ ಕಪ್ಪಿನ ಕತೆ ಮೊದಲಿನಿಂದ ಹೇಳಿದರು. ರಮಾಕಾಂತಣ್ಣ ಮತ್ತೆ ನಕ್ಕರು, ಮೊದಲ ಸಲದಷ್ಟೇ. ಮಾಮ ಲಿಫ್ಟಿನೊಳಗೆ ಹೋದ ಮೇಲೆ ನನ್ನ ತೋಳು ಹಿಡಿದು ಬಾಗಿಲ ಹತ್ತಿರ ನಿಲ್ಲಿಸಿದರು. ಕೈಯಲ್ಲಿ ಚೆಕ್ಕಿರಲಿಲ್ಲ.

"ನಿನ್ನ ಮೆಸೇಜಿಗೆ ಬಂದ ಸಿಟ್ಟು ಇಳಿದಿದೆ ಮಗಾ, ಅದಕ್ಕಲ್ಲ. ಇವನು ಬರ್ತಿದ್ದ, ಅವಳ ಬಗ್ಗೆ ನಾಲ್ಕು ಮಾತಾಡ್ತಿದ್ದ. ಮಕ್ಕಳಿಗೂ ಈಗ ಆ ದಿನ ನೆನಪಿರುವುದಿಲ್ಲ. ಇವನಿಗಿತ್ತು. ಇನ್ನು ನಾನು ಅದನ್ನು ಯಾರ ಕೈಯಲ್ಲಿ ಕೊಡ್ಲಿ?"

ರಬಾಳೆಯ ಕೋಣೆ ಎಂದೆ. ಮೂವತ್ತೊಂದು ಮಕ್ಕಳು ಎಂದೆ. ಇನ್ನು ಏಳು ದಿನ ಎಂದೆ.

"ನನಗೆ ಆ ಮಕ್ಕಳಲ್ಲಿ ಒಂದರ ಹೆಸರೂ ಗೊತ್ತಿಲ್ಲ," ಎಂದರು. "ನನಗೆ ಪ್ರೇಮಣ್ಣ ಗೊತ್ತಿತ್ತು. ಬೇಡ ಮಗಾ. ನನ್ನ ಹತ್ರ ಇನ್ನು ಕೇಳ್ಬೇಡ."

ವಾಪಸು ಬರುವಾಗ ಸೀಟು ಸಿಗಲಿಲ್ಲ, ಡಬ್ಬಿಯ ಗೋಡೆಗೆ ಒರಗಿ ನಿಂತೆವು. ನಾನು ಫೋನಿನಲ್ಲಿ ಪಟ್ಟಿ ತೆರೆದೆ. ಎಷ್ಟಾದರೂ ಸರಿಮಾಡೋಣ, ಯಾರಿದ್ದಾರೆ ಯಾರಿಲ್ಲ ಅಷ್ಟಾದರೂ ತಿಳಿದರೆ ಉಳಿದವರ ಹತ್ತಿರ ಹೋಗಬಹುದು ಎಂಬ ಆಸೆ. ಒಂದೊಂದೇ ಹೆಸರು ಓದಿದೆ. ಚೆನ್ನಯ, ಅಂಬರನಾಥ. ಇದ್ದಾನೆ, ಗಟ್ಟಿ ಇದ್ದಾನೆ ಎಂದರು ಮಾಮ. ವಿಠಲ, ಕಲ್ಯಾಣ. ಇದ್ದಾನೆ. ಜಲಜಾಕ್ಷಿ ಎಂದು ನಾನು ಓದಲಿಲ್ಲ. ಕಲವಾದಿಂದ ಕೋಪರ್ ಸ್ಟೇಷನ್ ಬರುವವರೆಗೆ ನಲವತ್ತು ಹೆಸರು ಓದಿದೆ. ನಲವತ್ತು ಜನರೂ ಇದ್ದರು. ಒಬ್ಬರಿಗೆ ಮೊನ್ನೆಯಷ್ಟೇ ಮೊಮ್ಮಗು ಆಗಿತ್ತು.

ತಮ್ಮ ಹೆಸರಿನಲ್ಲೇ ಕೊಡುತ್ತಿದ್ದ ಕಮಿಟಿಯವರ ಹೆಸರೂ ಪಟ್ಟಿಯಲ್ಲಿತ್ತು. ವಸಂತಕುಮಾರ್ ಎಂದೆ.

"ವಸಂತ ಹೋದನಲ್ಲ ಪಾಪ," ಎಂದರು ಮಾಮ. "ಬ್ಯಾಂಕಿನಲ್ಲಿದ್ದ. ತುಂಬ ಹೆದರುವ ಮನುಷ್ಯ."

ಡೊಂಬಿವಲಿಯಲ್ಲಿ ಇಳಿದು, ಆ ‘ಹೋದ’ ವಸಂತಕುಮಾರ್ ಅಂಕಲ್‌ಗೆ ಫೋನ್ ಮಾಡಿ ಚೆಕ್ಕು ಸಿಗಲಿಲ್ಲ ಎಂದು ಹೇಳಿದೆ. ನನಗೆ ನಗು ಬಂತು, ಅದು ನಿಲ್ಲಲಿಲ್ಲ. ಸೇತುವೆಯ ಮೆಟ್ಟಿಲ ಮೇಲೆ ನಿಂತು ನಗುತ್ತಾ ಅಳುತ್ತಿದ್ದೆ. ಮಾಮ ನನ್ನ ಚೀಲ ಹಿಡಿದುಕೊಂಡು, ಇದ್ಯಾರ ಮಗಳಪ್ಪಾ ಎನ್ನುವ ಹಾಗೆ ನಿಂತಿದ್ದರು.

ಆ ಏಳು ದಿನಗಳಲ್ಲಿ ಕಮಿಟಿಯವರು ಕೈಯಿಂದ ಹಾಕಿದ್ದು ಮೂರು ತಿಂಗಳ ಬಾಡಿಗೆಗೂ ಸಾಲಲಿಲ್ಲ. ಬಿಡಿಬಿಡಿಯಾಗಿ ತೆಗೆದುಕೊಳ್ಳಲು ಮಾಲೀಕ ಒಪ್ಪಲಿಲ್ಲ. ಅವನಿಗೆ ಟೆಂಪೋ ಬಿಡಿಭಾಗದ ಗೋಡೌನ್ ಮಾಡುವವರು ಸಿಕ್ಕಿದ್ದರು. ವಾಗ್ಳೆ ಎಸ್ಟೇಟಿನ ಆ ಬೂದು ಸ್ಕ್ರೀನಿನ ಮನುಷ್ಯನಿಗೆ ನಾನೊಮ್ಮೆ ಫೋನ್ ಮಾಡಿದೆ. ಈಗ ತೆಗೆದುಕೊಂಡರೆ ಸರಿಪಡಿಸಬಹುದಾ ಎಂದು ಕೇಳಿದೆ. ಖಾನೆ ಇದೆ ಮೇಡಂ, ಖಾನೆಯಲ್ಲಿ ಏನು ಬರೆಯಬೇಕು ಎಂದು ಹೇಳುವವರು ಬೇಕಲ್ಲ ಎಂದ. ಕೇಕಿನ ಕಂಪನಿಯವರು ಒಂದು ವರ್ಷದ ಹಣ ವಾಪಸು ಬರುವುದಿಲ್ಲ ಎಂದು ಬಹಳ ಮರ್ಯಾದೆಯಿಂದ ಮೇಲ್ ಬರೆದರು. ನನ್ನ ಇಂಟರ್ನ್‌ಶಿಪ್ ಸರ್ಟಿಫಿಕೇಟಿಗೆ ವಸಂತಕುಮಾರ್ ಅಂಕಲ್ ಸಹಿ ಮಾಡಿ ಕೊಟ್ಟರು. ಅದು ಬ್ಯಾಗಿನಲ್ಲೇ ಇದೆ.

ಮೂವತ್ತನೇ ತಾರೀಖು ಠಾಣೆಯಲ್ಲಿ ರೈಲು ಬದಲಿಸಿ ರಬಾಳೆಗೆ ಹೋದೆ. ಸಂಜೆ ಶಾಲೆಯ ಟೀಚರ್ ಚಂದ್ರಬಾಯಿ ಕಲಬುರಗಿಯವರು, ಗಂಡ ಲೋಡಿಂಗ್ ಕೆಲಸ, ಅವರು ಹತ್ತನೇ ಪಾಸು. ಕೋಣೆ ಹೋಯಿತೆಂದು ಅವರಿಗೆ ಫೋನಿನಲ್ಲಿ ಗೊತ್ತಾಗಿತ್ತು. ಗೋಡೆಯ ಅಕ್ಷರಮಾಲೆ ಬಿಚ್ಚಿ ಸುತ್ತಿ ಇಟ್ಟಿದ್ದರು. ಚಾಪೆಗಳನ್ನು ಕಟ್ಟಿ ಮೂಲೆಗೆ ಒರಗಿಸಿದ್ದರು. ನಾನು ಸಾಫ್ಟ್‌ವೇರಿನಿಂದ ಶುರು ಮಾಡಿ ಎಲ್ಲ ಹೇಳಲು ಹೊರಟೆ. ಅವರು ತಡೆದರು.

"ಅದೆಲ್ಲ ನನಗ ತಿಳಿಯಂಗಿಲ್ಲ ತಂಗಿ. ಹುಡುಗ್ರು ಬರ್ಲತ್ತಾರ. ಬಾಗಲಿಗಿ ಒಂದ್ ಚೀಟಿ ಬರದ್ ಹಚ್ಚು. ನಿನ್ನ ಅಕ್ಷರ ಛಂದ ಅದಾವ."

ನೋಟ್‌ಬುಕ್ಕಿನ ಹಾಳೆ ಹರಿದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದೆ. ಐದು ಗಂಟೆಗೆ ಮಕ್ಕಳು ಬಂದವು. ಬಾಗಿಲ ಮುಂದೆ ಗುಂಪಾಗಿ ನಿಂತವು. ಅವರಲ್ಲಿ ಮಲ್ಲಿಕಾ ಎಂಬ ಏಳು ವರ್ಷದ ಹುಡುಗಿ, ಜನವರಿಯಲ್ಲಿ ಸೇರಿದವಳು, ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಳು. ತಾನು ಓದುತ್ತೇನೆ ಎಂದು ಹಟ ಮಾಡಿದಳು. ಬೆರಳಿಟ್ಟು ಒಂದೊಂದೇ ಅಕ್ಷರ ಹಿಡಿದಳು. ನಾ, ಳೆ, ಯಿಂ, ದ. ಅಲ್ಲಿ ನಿಂತು, ಸೇರಿಸಿ, ನಾಳೆಯಿಂದ ಎಂದಳು. ಶಾ, ಲೆ. ಶಾಲೆ. ಕೊನೆಯ ಪದಕ್ಕೆ ಬೆರಳು ಬೇಕಾಗಲಿಲ್ಲ, ಒಮ್ಮೆಲೇ ಓದಿದಳು. ಇಲ್ಲ.

ಒಂದೂ ತಪ್ಪಿರಲಿಲ್ಲ. ತಿರುಗಿ, ಮುಖ ಅರಳಿಸಿಕೊಂಡು, ಟೀಚರ್ ಕಡೆ ನೋಡಿದಳು.

"ಬರೋಬ್ಬರಿ ಓದಿದಿ," ಎಂದರು ಚಂದ್ರಬಾಯಿ.